ಸರಳ ಲಾಂಛನವೆಂದರೆ ಕಲ್ಪನೆ ಬತ್ತಿದ ಲಾಂಛನವೇ?

ಓದುಗರ ಪ್ರಶ್ನೆ: ಕ್ರೀಡಾಕೂಟದ್ದೋ ತಂಡದ್ದೋ ಹೊಸ ಲಾಂಛನ ಬಿಡುಗಡೆಯಾದಾಗಲೆಲ್ಲ ‘ಇಷ್ಟನ್ನು ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಬಿಡಿಸುತ್ತಿದ್ದರು’ ಎಂಬ ಮಾತು ಕೇಳಿಬರುತ್ತದೆ. ವಿನ್ಯಾಸಕಾರರು ಸರಳತೆಯ ಹೆಸರಿನಲ್ಲಿ ಸೃಜನಶೀಲತೆಯನ್ನೇ ಕೈಬಿಟ್ಟಿದ್ದಾರೆಯೇ? ಜನರ ಟೀಕೆಗೆ ಎಷ್ಟು ಬೆಲೆ ಕೊಡಬೇಕು?

ಉತ್ತರ: ಸರಳತೆಯೇ ಸಿಟ್ಟಿಗೆ ಕಾರಣವೆಂಬ ಊಹೆಯನ್ನು ಮೊದಲು ಪರೀಕ್ಷಿಸಬೇಕು. ಲಂಡನ್ 2012ರ ಒಲಿಂಪಿಕ್ಸ್ ಲಾಂಛನವನ್ನು ವೂಲ್ಫ್ ಆಲಿನ್ಸ್ ಸಂಸ್ಥೆ ರೂಪಿಸಿ, ಅದು 2007ರ ಜೂನ್‌ನಲ್ಲಿ ಅನಾವರಣಗೊಂಡಾಗ ಅದನ್ನು ಯಾರೂ ಸಪ್ಪೆ ಎನ್ನಲಿಲ್ಲ. ಒಡೆದ ಗಾಜಿನ ಚೂರುಗಳಂತಿದ್ದ ಅಂಕಿಗಳು ಮತ್ತು ಕಣ್ಣು ಕುಕ್ಕುವ ಬಣ್ಣಗಳಿಂದ ಅದು ಅತಿಯಾಯಿತೆಂದೇ ಜನ ರೇಗಿದರು. ಸುಮಾರು 4 ಲಕ್ಷ ಪೌಂಡ್ ವೆಚ್ಚದ ಸುದ್ದಿ ಆ ಸಿಟ್ಟಿಗೆ ತುಪ್ಪ ಸುರಿಯಿತು. ಹತ್ತಾರು ಸಾವಿರ ಜನ ಅದನ್ನು ಕೈಬಿಡಬೇಕೆಂಬ ಮನವಿಗೆ ಸಹಿ ಹಾಕಿದರೂ ಸಂಘಟಕರು ಅದನ್ನು ಕೊನೆಯವರೆಗೂ ಉಳಿಸಿಕೊಂಡರು. ಹೀಗೆ ಸರಳವಾದುದಕ್ಕೂ ಬೈಗುಳ, ಸರಳವಲ್ಲದ್ದಕ್ಕೂ ಬೈಗುಳ.

ಸರಳತೆಯತ್ತ ಒಲವು ಬೆಳೆದಿರುವುದಕ್ಕೆ ಫ್ಯಾಷನ್ ಒಂದೇ ಕಾರಣವಲ್ಲ. ಒಂದೇ ಗುರುತು ಜೆರ್ಸಿಯ ಮೇಲೆ ಕಸೂತಿಯಾಗಬೇಕು, ಟಿವಿ ಪರದೆಯ ಮೂಲೆಯ ಸ್ಕೋರ್ ಪಟ್ಟಿಯಲ್ಲಿ ಕಾಣಬೇಕು, ಮೊಬೈಲ್‌ನಲ್ಲಿ ಉಗುರಿಗಿಂತ ಚಿಕ್ಕ ಐಕಾನ್ ಆಗಬೇಕು, ಒಂದೇ ಬಣ್ಣದ ಮುದ್ರಣದಲ್ಲೂ ಗುರುತು ಹತ್ತಬೇಕು. ಆ ಅಳತೆಯಲ್ಲಿ ಸಿಂಹದ ಕೇಸರದ ಎಳೆಗಳೂ ಪಟ್ಟಿಯ ಮೇಲಿನ ಸಣ್ಣ ಅಕ್ಷರಗಳೂ ಕಲೆಸಿಹೋಗುತ್ತವೆ.

ಹಾಗಾದರೆ ಸರಳ ವಿನ್ಯಾಸದಲ್ಲಿ ಸೃಜನಶೀಲತೆ ಎಲ್ಲಿರುತ್ತದೆ? ಬಹುಮಟ್ಟಿಗೆ ವಿನ್ಯಾಸಕಾರ ತನಗೆ ತಾನೇ ಹಾಕಿಕೊಂಡ ನಿಯಮದಲ್ಲಿ. ಮ್ಯೂನಿಕ್ 1972ರ ಒಲಿಂಪಿಕ್ಸ್‌ಗಾಗಿ ಓಟ್ಲ್ ಐಶರ್ ಮತ್ತು ಅವರ ತಂಡ ರಚಿಸಿದ ಕ್ರೀಡಾ ಸಂಕೇತಚಿತ್ರಗಳನ್ನು ಗಮನಿಸಿ. ತಲೆಗೆ ಒಂದು ದುಂಡು ಚುಕ್ಕೆ, ಕೈಕಾಲುಗಳಿಗೆ ದಪ್ಪನೆಯ ಪಟ್ಟೆಗಳು; ಆ ಪಟ್ಟೆಗಳು ಅಡ್ಡಕ್ಕೆ, ಉದ್ದಕ್ಕೆ ಅಥವಾ 45 ಡಿಗ್ರಿ ಓರೆಗೆ ಮಾತ್ರ ಚಲಿಸುತ್ತವೆ. ಇಷ್ಟೇ ಸಾಮಗ್ರಿಯಲ್ಲಿ ಈಜುಗಾರನನ್ನು ಓಟಗಾರನಿಂದ, ಕುಸ್ತಿಯನ್ನು ಜೂಡೋದಿಂದ ಒಂದೇ ನೋಟಕ್ಕೆ ಬೇರ್ಪಡಿಸಬೇಕಿತ್ತು. ಒಂದು ಚಿತ್ರವನ್ನು ನಕಲು ಮಾಡಲು ಹತ್ತು ನಿಮಿಷ ಸಾಕಾದೀತು. ಎಲ್ಲ ಕ್ರೀಡೆಗಳಿಗೂ ಹೊಂದುವ ಆ ನಿಯಮವನ್ನು ಕಂಡುಕೊಳ್ಳುವುದು ಬೇರೆಯದೇ ಕೆಲಸ. ಮುಂದಿನ ಮಾಂಟ್ರಿಯಲ್ ಒಲಿಂಪಿಕ್ಸ್ ಕೂಡ ಅವೇ ಚಿತ್ರಗಳನ್ನು ಬಳಸಿಕೊಂಡಿತು.

ಟೋಕಿಯೊ 2020ರ ಕಥೆಯಲ್ಲಿ ಸರಳತೆಯ ಎರಡೂ ಮುಖಗಳಿವೆ. 2015ರಲ್ಲಿ ಪ್ರಕಟವಾದ ಮೊದಲ ಲಾಂಛನ ಬೆಲ್ಜಿಯಂನ ಲಿಯೆಜ್ ನಗರದ ರಂಗಮಂದಿರವೊಂದರ ಲಾಂಛನವನ್ನು ಹೋಲುತ್ತದೆಂಬ ಆರೋಪ ಬಂದಿತು. ವಿನ್ಯಾಸಕಾರರು ಅದನ್ನು ನಿರಾಕರಿಸಿದರೂ ಸಂಘಟಕರು ಲಾಂಛನವನ್ನು ಹಿಂತೆಗೆದುಕೊಂಡರು. ಆಕಾರಗಳು ಕಡಿಮೆಯಾದಷ್ಟೂ ಆಕಸ್ಮಿಕ ಹೋಲಿಕೆಯ ಸಾಧ್ಯತೆ ಹೆಚ್ಚುವುದು ಸಹಜ. ಸರಳತೆಗೆ ತೆರಬೇಕಾದ ಈ ಬೆಲೆಯ ಬಗ್ಗೆ ವಿನ್ಯಾಸಕಾರರು ಅಷ್ಟಾಗಿ ಮಾತನಾಡುವುದಿಲ್ಲ. ಬಳಿಕ ಸಾರ್ವಜನಿಕ ಸ್ಪರ್ಧೆಗೆ ಬಂದ 14,599 ಪ್ರವೇಶಗಳಿಂದ 2016ರಲ್ಲಿ ಆಸಾವೊ ತೊಕೊಲೊ ಅವರ ನೀಲಿ ಚೌಕುಳಿ ವಿನ್ಯಾಸ ಆಯ್ಕೆಯಾಯಿತು. ಮೇಲ್ನೋಟಕ್ಕೆ ಅದು ಒಂದೇ ಬಣ್ಣದ ಬಳೆ. ಹತ್ತಿರದಿಂದ ನೋಡಿದರೆ ಮೂರು ಬಗೆಯ 45 ಚತುರ್ಭುಜಗಳು ಕಾಣುತ್ತವೆ. ಅವೇ 45 ತುಂಡುಗಳನ್ನು ಬೇರೆ ರೀತಿ ಜೋಡಿಸಿದರೆ ಪ್ಯಾರಾಲಿಂಪಿಕ್ಸ್ ಲಾಂಛನವಾಗುತ್ತದೆ. ಎರಡು ಕೂಟಗಳ ಸಮಾನತೆಯನ್ನು ಘೋಷವಾಕ್ಯವಿಲ್ಲದೆ, ಬರೀ ಲೆಕ್ಕದಿಂದ ಹೇಳಿದ ಈ ಜಾಣ್ಮೆ ಬಿಡುಗಡೆಯ ದಿನ ಅವಸರದಲ್ಲಿ ನೋಡಿದವರಿಗೆ ಕಾಣುವಂಥದ್ದಲ್ಲ.

ಹಾಗೆಂದು ಸರಳವಾದದ್ದೆಲ್ಲ ಆಳವಾದದ್ದೆಂದು ಭಾವಿಸಬೇಕಿಲ್ಲ. 2026ರ ಫುಟ್‌ಬಾಲ್ ವಿಶ್ವಕಪ್ ಲಾಂಛನದಲ್ಲಿ 2 ಮತ್ತು 6 ಎಂಬ ಅಂಕಿಗಳನ್ನು ಒಂದರ ಮೇಲೊಂದಿಟ್ಟು ಅವುಗಳ ಮುಂದೆ ಟ್ರೋಫಿಯ ಚಿತ್ರ ನಿಲ್ಲಿಸಲಾಗಿದೆ. ಆತಿಥ್ಯ ವಹಿಸುವ 16 ನಗರಗಳು ತಮ್ಮ ಬಣ್ಣ, ವಿನ್ಯಾಸಗಳನ್ನು ಅದರೊಳಗೆ ತುಂಬಲಿ ಎಂಬ ಉದ್ದೇಶ ಅರ್ಥವಾಗುತ್ತದೆ. ಆದರೂ ಅಮೆರಿಕ, ಕೆನಡಾ, ಮೆಕ್ಸಿಕೊಗಳ ಸುಳಿವೇ ಮೂಲ ಗುರುತಿನಲ್ಲಿ ಇಲ್ಲದಿರುವಾಗ ‘ಇದು ಯಾವ ದೇಶದ, ಯಾವ ಕೂಟಕ್ಕೂ ನಡೆದೀತಲ್ಲ’ ಎಂಬ ಆಕ್ಷೇಪವನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ನನ್ನ ದೃಷ್ಟಿಯಲ್ಲಿ ಗೆರೆಗಳ ಸಂಖ್ಯೆಗಿಂತ ಈ ಪ್ರಶ್ನೆಯೇ ಒಳ್ಳೆಯ ಒರೆಗಲ್ಲು.

ಜನರ ಟೀಕೆಯಲ್ಲೂ ಜೊಳ್ಳು ಕಾಳು ಬೇರ್ಪಡಿಸಬೇಕು. ಆಕಾರದ ಬಗೆಗಿನ ಮೊದಲ ದಿನದ ಅಪಹಾಸ್ಯಕ್ಕೆ ಹೆಚ್ಚು ತೂಕ ಕೊಡಬೇಕಿಲ್ಲ, ಏಕೆಂದರೆ ಆ ದಿನ ಎಲ್ಲರೂ ನೋಡುವುದು ಬಿಳಿ ಹಿನ್ನೆಲೆಯ ಮೇಲಿನ ಒಂಟಿ ಚಿತ್ರವನ್ನು. ಅದು ಆಟದ ನಡುವೆ ಹೇಗಿರುತ್ತದೆಂಬುದನ್ನು ಇನ್ನೂ ಯಾರೂ ಕಂಡಿರುವುದಿಲ್ಲ. ಆದರೆ ‘ನಮ್ಮದನ್ನು ತೆಗೆದುಹಾಕಿದಿರಿ’ ಎಂಬ ದೂರು ಬೇರೆ ಜಾತಿಯದು. 2018ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಫುಟ್‌ಬಾಲ್ ಕ್ಲಬ್, ಎದೆಯ ಮೇಲೆ ಮುಷ್ಟಿಯಿಟ್ಟ ಅಭಿಮಾನಿಯ ಚಿತ್ರವನ್ನು ತನ್ನ ಹೊಸ ಲಾಂಛನವೆಂದು ಪ್ರಕಟಿಸಿತು. ಹತ್ತು ಸಾವಿರ ಜನರೊಡನೆ ಸಮಾಲೋಚಿಸಿದ್ದೇವೆಂದು ಅದು ಹೇಳಿಕೊಂಡಿದ್ದರೂ ಕಡೆಗೆ ಆ ವಿನ್ಯಾಸವನ್ನು ಕೈಬಿಡಬೇಕಾಯಿತು.

ಇಂಗ್ಲೆಂಡಿನದೇ ಎವರ್ಟನ್ ಫುಟ್‌ಬಾಲ್ ಕ್ಲಬ್‌ನ ಪ್ರಸಂಗ ಇನ್ನೂ ಸ್ಪಷ್ಟ. 2013ರಲ್ಲಿ ಅದು ತನ್ನ ಲಾಂಛನವನ್ನು ಸರಳಗೊಳಿಸುವಾಗ ಲ್ಯಾಟಿನ್ ಧ್ಯೇಯವಾಕ್ಯವನ್ನೂ ಎಲೆಗಳ ಹಾರಗಳನ್ನೂ ಕಿತ್ತುಹಾಕಿತು. ಅಭಿಮಾನಿಗಳು ಸಿಡಿದೆದ್ದಾಗ ಕ್ಲಬ್ ಕ್ಷಮೆ ಕೇಳಿ, ಮೂರು ಮಾದರಿಗಳನ್ನು ಅವರ ಮುಂದಿಟ್ಟು ಮತ ಹಾಕಿಸಿತು. ಅಭಿಮಾನಿಗಳು ಆರಿಸಿ, 2014ರ ಋತುವಿನಿಂದ ಬಳಕೆಗೆ ಬಂದ ಲಾಂಛನವೂ ಆಡಂಬರದ್ದೇನಲ್ಲ: ಒಂದು ನೀಲಿ ಗುರಾಣಿ, ಒಂದು ಗೋಪುರ, ಎರಡು ಹಾರ, 1878 ಎಂಬ ಇಸವಿ, ಕೆಳಗೆ ಮರಳಿ ಬಂದ ಆ ಧ್ಯೇಯವಾಕ್ಯ.