ಮನೆ ಶಿಫ್ಟ್ ಮಾಡುವ ದಿನ ರೇಟು ಏರಿಸಿದರೆ ಕೊಡಲೇಬೇಕಾ?

ಓದುಗರ ಪ್ರಶ್ನೆ: "ವಿಜಯನಗರದ ಬಾಡಿಗೆ ಮನೆಯಿಂದ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೇವೆ. ಪ್ಯಾಕರ್ಸ್‌ನವರು ಫೋನಿನಲ್ಲಿ ಒಂದು ರೇಟು ಹೇಳಿದ್ದಾರೆ. ಆದರೆ ಕೇಳಿದವರೆಲ್ಲ ಹೇಳುವುದು ಒಂದೇ: ಗಾಡಿ ಹೊತ್ತಿಗೆ ಬರುವುದಿಲ್ಲ, ಸಾಮಾನು ಏರಿದ ಮೇಲೆ ಅದು ಇದು ಅಂತ ಜಾಸ್ತಿ ಕೇಳುತ್ತಾರೆ. ಹಾಗೆ ಕೇಳಿದರೆ ಕೊಡಲೇಬೇಕಾ?"

ಒಪ್ಪಿಕೊಂಡ ಕೆಲಸಕ್ಕೆ ಒಪ್ಪಿಕೊಂಡ ಹಣ ಕೊಟ್ಟರೆ ಸಾಕು. ಕೆಲಸವೇ ಜಾಸ್ತಿ ಆಗಿದ್ದರೆ, ಇಲ್ಲವೇ ನಿಮ್ಮಿಂದಾಗಿ ಅವರು ಕಾಯಬೇಕಾಗಿ ಬಂದರೆ, ಅದಕ್ಕೆ ತಕ್ಕಷ್ಟು ಕೊಡಬೇಕು. ಬೇರೆ ಯಾವ ಕಾರಣ ಹೇಳಿದರೂ ಕೊಡಬೇಕಿಲ್ಲ. ತೊಂದರೆ ಏನೆಂದರೆ, ಒಪ್ಪಿಕೊಂಡ ಕೆಲಸ ಯಾವುದು ಅಂತ ಬರೆದಿಟ್ಟುಕೊಳ್ಳುವವರು ಬಹಳ ಕಮ್ಮಿ. ನಿಮಗೆ ಬಂದಿರುವ ಕೊಟೇಶನ್ ತೆಗೆದು ನೋಡಿ. "2 ಬಿಎಚ್‌ಕೆ ಮನೆ ಸಾಮಾನು" ಅಂತ ಒಂದೇ ಸಾಲು, ಅದರ ಮುಂದೆ ಒಂದು ಮೊತ್ತ ಇದ್ದರೆ ಅದು ರೇಟೇ ಅಲ್ಲ. ಶಿಫ್ಟಿಂಗ್ ದಿನ ಆ ಸಾಲಿಗೆ ಅವರು ಏನು ಅರ್ಥ ಬೇಕಾದರೂ ಹೇಳಬಹುದು.

ಜಾಸ್ತಿ ಹಣದ ಜಗಳ ಹುಟ್ಟುವುದು ಹೆಚ್ಚಾಗಿ ಅಟ್ಟದಲ್ಲಿ. ಫೋನಿನಲ್ಲಿ ಸಾಮಾನು ಹೇಳುವಾಗ ಎಲ್ಲರಿಗೂ ಮಂಚ, ಬೀರು, ಫ್ರಿಜ್, ವಾಷಿಂಗ್ ಮಷಿನ್, ಸೋಫಾ ನೆನಪಾಗುತ್ತವೆ. ಅಟ್ಟದ ಮೇಲಿರುವ ಹಿತ್ತಾಳೆ ಹಂಡೆ, ದಸರಾ ಗೊಂಬೆಗಳ ಟ್ರಂಕು, ಹಳೇ ಸೂಟ್‌ಕೇಸು, ಅಜ್ಜಿ ಕಾಲದ ಒರಳುಕಲ್ಲು ನೆನಪಾಗುವುದಿಲ್ಲ. ತಾರಸಿಯ ಹೂಕುಂಡಗಳಂತೂ ಲೆಕ್ಕಕ್ಕೇ ಬರುವುದಿಲ್ಲ. ನೀವು ಹೇಳಿದ್ದನ್ನು ನಂಬಿ ಅವರು ಒಂದು ಟಾಟಾ ಏಸ್ ಕಳಿಸುತ್ತಾರೆ. ಏಸ್‌ನ ಹಿಂಭಾಗ ಸುಮಾರು 7 ಅಡಿ ಉದ್ದ, ಹೊರುವ ತೂಕ ಮುಕ್ಕಾಲು ಟನ್ ಆಸುಪಾಸು. ಅಟ್ಟ ಖಾಲಿ ಮಾಡುವಷ್ಟರಲ್ಲಿ ಗಾಡಿ ತುಂಬಿರುತ್ತದೆ, ಇನ್ನೂ ಅರ್ಧ ಸಾಮಾನು ಹಾಲ್‌ನಲ್ಲೇ ಇರುತ್ತದೆ. ಆಗ ಇನ್ನೊಂದು ಟ್ರಿಪ್ಪಿಗೆ ಹಣ ಕೇಳಿದರೆ ಅದು ನ್ಯಾಯವೇ. ಪಟ್ಟಿಯಲ್ಲಿ ಇಲ್ಲದ ಸಾಮಾನು ಹೊರಲು ಜನ ಬೇಕು, ಗಾಡಿ ಬೇಕು.

ಇದೇ ರೀತಿ ನ್ಯಾಯವಾಗಿ ಜಾಸ್ತಿ ಆಗುವ ಖರ್ಚು ಇನ್ನೂ ಕೆಲವಿವೆ. ಲಿಫ್ಟ್ ಇದೆ ಅಂತ ಹೇಳಿ, ಆ ದಿನ ಲಿಫ್ಟ್ ಕೆಟ್ಟು ಮೂರನೇ ಮಹಡಿಗೆ ಮೆಟ್ಟಿಲಲ್ಲಿ ಹೊರಬೇಕಾಗಿ ಬಂದರೆ. ಗಲ್ಲಿ ಇಕ್ಕಟ್ಟಾಗಿ ಗಾಡಿ ಮನೆ ಮುಂದೆ ಬರದೆ, ಮುಖ್ಯರಸ್ತೆಯವರೆಗೆ ಎಲ್ಲ ಹೊತ್ತು ಸಾಗಿಸಬೇಕಾದರೆ. ಎಸಿ, ಗೀಸರ್, ನೀರಿನ ಫಿಲ್ಟರ್ ಬಿಚ್ಚಿ ಮತ್ತೆ ಹಾಕುವುದಂತೂ ಮೊದಲಿಂದಲೂ ಬೇರೆಯೇ ಕೆಲಸ. ಎಸಿ ಬಿಚ್ಚುವ ಮೊದಲು ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದುಕೊಳ್ಳಬೇಕು, ಇಲ್ಲವಾದರೆ ಹೊಸ ಮನೆಯಲ್ಲಿ ಮತ್ತೆ ಗ್ಯಾಸ್ ತುಂಬಿಸುವ ಖರ್ಚು. ಅದನ್ನು ಸಾಮಾನು ಹೊರುವ ಹುಡುಗರ ಕೈಲಿ ಮಾಡಿಸಬೇಡಿ, ಎಸಿ ಮೆಕ್ಯಾನಿಕ್ ಅನ್ನು ಹಿಂದಿನ ದಿನವೇ ಕರೆಸಿ.

ಇನ್ನು ಕಾಯಿಸಿದ್ದಕ್ಕೆ ಕೇಳುವ ಹಣ. ನಮ್ಮ ಮನೆಗಳಲ್ಲಿ ಇದು ಹೇಗೆ ಆಗುತ್ತೆ ನೋಡಿ. ಭಾನುವಾರ ಶಿಫ್ಟಿಂಗ್. ಮಧ್ಯಾಹ್ನ ಊಟ ಮುಗಿಸಿ ಹೊರಟ ಗಾಡಿ ನಾಲ್ಕೂವರೆಗೆ ಹೊಸ ಮನೆ ತಲುಪುತ್ತದೆ. ಭಾನುವಾರ 4.30ರಿಂದ 6ರವರೆಗೆ ರಾಹುಕಾಲ. ಹಿರಿಯರು "ಈಗ ಸಾಮಾನು ಒಳಗೆ ತರೋದು ಬೇಡ" ಅನ್ನುತ್ತಾರೆ. ಆರು ಗಂಟೆಯ ಮೇಲೆ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಸರ್ವಿಸ್ ಲಿಫ್ಟ್ ಕೊಡುವುದಿಲ್ಲ. ಗಾಡಿ ರಾತ್ರಿಯಿಡೀ ಹೊರಗೆ ನಿಲ್ಲುತ್ತದೆ, ಮಾರನೇ ದಿನದ ಬಾಡಿಗೆ ನಿಮ್ಮ ತಲೆಗೆ. ಇಲ್ಲಿ ತಪ್ಪು ಪ್ಯಾಕರ್ಸ್‌ನವರದ್ದಲ್ಲ. ನಂಬಿಕೆಯನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಒಂದೆರಡು ದಿನ ಮೊದಲೇ ಒಳ್ಳೆ ಹೊತ್ತು ನೋಡಿ ದೇವರ ಫೋಟೋ, ಒಂದು ಒಲೆ ತಗೊಂಡು ಹೋಗಿ ಹಾಲು ಉಕ್ಕಿಸಿ ಬನ್ನಿ. ಆಮೇಲೆ ಗಾಡಿ ಯಾವ ಹೊತ್ತಿಗೆ ಬಂದರೂ ಮನೆಯವರ ಮನಸ್ಸಿಗೆ ಸಮಾಧಾನ ಇರುತ್ತದೆ.

ಅಪಾರ್ಟ್‌ಮೆಂಟಿನ ನಿಯಮಗಳನ್ನು ಮೊದಲೇ ಕೇಳಿಕೊಳ್ಳುವುದು ಪೂರ್ತಿ ನಿಮ್ಮ ಜವಾಬ್ದಾರಿ. ಬೆಂಗಳೂರಿನ ಎಷ್ಟೋ ಅಸೋಸಿಯೇಷನ್‌ಗಳಲ್ಲಿ ಶಿಫ್ಟಿಂಗ್‌ಗೆ ಮುಂಚೆ ಅನುಮತಿ ಬೇಕು, ಮೂವ್-ಇನ್ ಚಾರ್ಜ್ ಕಟ್ಟಬೇಕು, ಕೆಲವು ಕಡೆ ಭಾನುವಾರ ಬಿಡುವುದೇ ಇಲ್ಲ. ಬೇಸ್‌ಮೆಂಟ್ ಎತ್ತರ ಕಮ್ಮಿ ಇದ್ದರೆ ದೊಡ್ಡ ಗಾಡಿ ಗೇಟಿನಾಚೆಯೇ ನಿಲ್ಲಬೇಕು. ಹಳೇ ಮನೆ ಬಿಡುವಾಗಲೂ ಬಾಡಿಗೆ ಬಾಕಿ ಇಲ್ಲ ಅಂತ ಓನರ್‌ರಿಂದ ಒಂದು ಪತ್ರ ಅಥವಾ ಮೆಸೇಜ್ ಕೇಳುವ ಕಡೆ ಇದೆ. ಅದು ಇಲ್ಲದೆ ಗೇಟಿನಲ್ಲಿ ಕಳೆಯುವ ಒಂದೊಂದು ಗಂಟೆಯೂ ನಿಮ್ಮ ಖರ್ಚಿಗೇ ಸೇರುತ್ತದೆ.

ಗಾಡಿಯವರ ಕಡೆಯಿಂದ ಆಗುವ ತಡ ಬೇರೆ. ನಗರದ ಎಷ್ಟೋ ರಸ್ತೆಗಳಲ್ಲಿ ಬೆಳಿಗ್ಗೆ, ಸಂಜೆ ಟ್ರಾಫಿಕ್ ಜಾಸ್ತಿ ಇರುವ ಹೊತ್ತಿಗೆ ಸರಕು ವಾಹನ ಬಿಡುವುದಿಲ್ಲ. ಇದು ದಿನಾ ಗಾಡಿ ಓಡಿಸುವವರಿಗೆ ಗೊತ್ತಿರಲೇಬೇಕಾದ ವಿಷಯ. "ನೋ ಎಂಟ್ರಿ ಇತ್ತು, ಪೊಲೀಸರು ಫೈನ್ ಹಾಕಿದರು, ನೀವೇ ಕೊಡಿ" ಅಂದರೆ ಒಪ್ಪಬೇಡಿ. ಜಾಮ್ ಇತ್ತು, ಡೀಸೆಲ್ ಜಾಸ್ತಿ ಖರ್ಚಾಯಿತು ಅನ್ನುವುದಕ್ಕೂ ಅದೇ ಉತ್ತರ. ಬೇರೆ ಊರಿಗೆ, ಬೇರೆ ರಾಜ್ಯಕ್ಕೆ ಹೋಗುವವರ ಬಿಲ್ಲಿನಲ್ಲಿ ಎಂಟ್ರಿ ಟ್ಯಾಕ್ಸ್, ಆಕ್ಟ್ರಾಯ್ (ಊರೊಳಗೆ ಸರಕು ತರಲು ಕಟ್ಟುತ್ತಿದ್ದ ಸುಂಕ) ಅಂತೆಲ್ಲ ಇನ್ನೂ ಬರುವುದುಂಟು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಇವೆರಡೂ ಅದರೊಳಗೆ ಸೇರಿಹೋದವು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿಯ ಆನ್‌ಲೈನ್ ಪತ್ರ) ಕೂಡ ಬೇಕಿಲ್ಲ. ಜಿಎಸ್‌ಟಿ ನಿಯಮಗಳಲ್ಲೇ ಅದಕ್ಕೆ ವಿನಾಯಿತಿ ಇದೆ. ಹೊಸೂರು ದಾಟುವಾಗ ಡ್ರೈವರ್ ಫೋನ್ ಮಾಡಿ "ಇ-ವೇ ಬಿಲ್ ಇಲ್ಲ, ಹಣ ಕಳಿಸಿ" ಅಂದರೆ ಈ ಮಾತು ನೆನಪಿರಲಿ. ಬಾಕ್ಸ್ ಒಡೆಯದ ಹೊಸ ಟಿವಿ, ಫ್ರಿಜ್ ಇದ್ದರೆ ಮಾತ್ರ ಅದರ ಬಿಲ್ ಜೊತೆಗೆ ಕಳಿಸಿ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಗಾಡಿ ಹೊಸ ಮನೆ ಮುಂದೆ ನಿಂತಿದೆ. ಸೂಪರ್‌ವೈಸರ್ "ಇನ್ನು ಇಷ್ಟು ಕೊಟ್ಟರೆ ಮಾತ್ರ ಇಳಿಸುತ್ತೇವೆ" ಅನ್ನುತ್ತಾನೆ. ಹಾಸಿಗೆ, ಒಲೆ, ಮಕ್ಕಳ ಪುಸ್ತಕ, ಅಪ್ಪನ ಮಾತ್ರೆ ಎಲ್ಲ ಅದರೊಳಗೆ. ನಿಮ್ಮ ಮಾತು ಸರಿಯಿದ್ದರೂ ಸಾಮಾನು ಅವರ ಕೈಲಿದೆ. ಆ ಹೊತ್ತಲ್ಲಿ ಬಹಳ ಜನ ಕೊಟ್ಟು ಬಿಡುತ್ತಾರೆ, "ಕೊಟ್ಟ ಮೇಲೆ ಮುಗೀತು" ಅಂತ ಅಂದುಕೊಳ್ಳುತ್ತಾರೆ.

ಮುಗಿಯುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ, ಬಲವಂತಕ್ಕೆ ಕೊಟ್ಟ ಹಣವನ್ನು ತೆಗೆದುಕೊಂಡವರು ವಾಪಸ್ ಕೊಡಬೇಕು. ಬೇರೆಯವರ ಸ್ವತ್ತನ್ನು ಕಾನೂನಿಗೆ ವಿರುದ್ಧವಾಗಿ ಹಿಡಿದಿಟ್ಟುಕೊಳ್ಳುವುದೂ ಬಲವಂತವೇ ಅಂತ 15ನೇ ಸೆಕ್ಷನ್ ಹೇಳುತ್ತದೆ. 72ನೇ ಸೆಕ್ಷನ್ನಿಗೆ ಕಾಯ್ದೆಯಲ್ಲೇ ಕೊಟ್ಟಿರುವ ಉದಾಹರಣೆ ಕೇಳಿದರೆ ನಿಮ್ಮ ಮನೆ ಮುಂದಿನ ಗಾಡಿಯ ಕಥೆಯೇ ಅನ್ನಿಸುತ್ತದೆ. ಒಂದು ರೈಲ್ವೆ ಕಂಪನಿ ಸರಕು ಬಿಟ್ಟುಕೊಡಲು ಅಕ್ರಮವಾಗಿ ಜಾಸ್ತಿ ಸಾಗಣೆ ದರ ಕೇಳುತ್ತದೆ. ಸರಕಿನವನು ಬೇರೆ ದಾರಿ ಇಲ್ಲದೆ ಕೊಟ್ಟು ಬಿಡಿಸಿಕೊಳ್ಳುತ್ತಾನೆ. ಜಾಸ್ತಿ ಕೊಟ್ಟಷ್ಟನ್ನೂ ವಾಪಸ್ ಪಡೆಯುವ ಹಕ್ಕು ಅವನಿಗಿದೆ. ರೈಲು ಹೊಸದಾಗಿದ್ದ ಕಾಲದಲ್ಲೂ ಇದೇ ತಕರಾರು ಇತ್ತು, ಕಾನೂನು ಆಗಲೇ ಗ್ರಾಹಕನ ಪರ ನಿಂತಿತ್ತು. ನೂರೈವತ್ತು ವರ್ಷ ದಾಟಿದ ಈ ಹಕ್ಕು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರ.

ಹಾಗಾಗಿ ಆ ಹೊತ್ತಲ್ಲಿ ಮೊದಲ ಕೆಲಸ ಪುರಾವೆ. ಜಾಸ್ತಿ ಹಣ ಯಾವುದಕ್ಕೆ ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಲು ಹೇಳಿ. ಸುಮ್ನೆ ಬಾಯಲ್ಲಿ ಕೇಳುವವರು ಬರೆಯಲು ಹೇಳಿದ ಕೂಡಲೇ ಎಷ್ಟೋ ಸಲ ಮೆತ್ತಗಾಗುತ್ತಾರೆ. ಗಾಡಿಯ ನಂಬರ್ ಪ್ಲೇಟ್ ಫೋಟೋ ತೆಗೆದುಕೊಳ್ಳಿ. ಒಪ್ಪಿದ ಬಾಡಿಗೆಯನ್ನು ಪೂರ್ತಿ ಕೊಡಲು ನೀವು ತಯಾರಿದ್ದೀರಿ ಅನ್ನುವುದನ್ನೂ ಮೆಸೇಜಿನಲ್ಲೇ ಹೇಳಿ, ಏಕೆಂದರೆ ಒಪ್ಪಿದ್ದನ್ನೇ ಕೊಡದೆ ಸಾಮಾನು ಇಳಿಸಿ ಅನ್ನುವವರ ಪರ ಯಾರೂ ನಿಲ್ಲುವುದಿಲ್ಲ. ಬಗ್ಗದಿದ್ದರೆ 112ಕ್ಕೆ ಫೋನ್ ಮಾಡಿ. ನಂಬಿ ಒಪ್ಪಿಸಿದ ಸರಕನ್ನು ಸಾಗಣೆದಾರ ತನ್ನದಾಗಿಸಿಕೊಂಡರೆ ಅದು ನಂಬಿಕೆ ದ್ರೋಹದ ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಪೊಲೀಸರು ಬರುವವರೆಗೆ ಕಾಯುವ ಸ್ಥಿತಿಯಲ್ಲಿ ಇಲ್ಲ ಅಂದರೆ ಹಣ ಕೊಡಿ, ಆದರೆ ನಗದು ಬೇಡ. ಯುಪಿಐನಲ್ಲಿ ಕಂಪನಿಯ ಖಾತೆಗೆ ಹಾಕಿ, ತಕ್ಷಣ "ಈ ಹಣವನ್ನು ಒಪ್ಪದೆ, ಸಾಮಾನು ಬಿಡಿಸಿಕೊಳ್ಳಲು ಮಾತ್ರ ಕೊಟ್ಟಿದ್ದೇನೆ" ಅಂತ ಮೆಸೇಜ್ ಮಾಡಿ. ಆ ಒಂದು ಸಾಲು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಸಾಮಾನು ಹೊರುವ ಹುಡುಗರ ಮೇಲೆ ದಯವಿಟ್ಟು ಕೂಗಾಡಬೇಡಿ. ಅವರದು ಹೆಚ್ಚಾಗಿ ದಿನಗೂಲಿ. ನಿಮ್ಮಿಂದ ಕಿತ್ತುಕೊಂಡ ಜಾಸ್ತಿ ಹಣ ಅವರ ಜೇಬಿಗೆ ಹೋಗುವುದು ಅಪರೂಪ. ಬೀರು ಹೊತ್ತು ಮೆಟ್ಟಿಲು ಹತ್ತಿದವರಿಗೆ ನೀರು, ಟೀ, ತಿಂಡಿ ಕೊಡಿ. ಮಾತುಕತೆ ಆಫೀಸಿನವರ ಜೊತೆ ಇರಲಿ.

ನಿಮಗೆ ಇನ್ನೂ ಸಮಯ ಇದೆ, ಹಾಗಾಗಿ ಇದೆಲ್ಲ ಬರದಂತೆ ನೋಡಿಕೊಳ್ಳಬಹುದು. ಫೋನಿನಲ್ಲಿ ಪ್ರತಿ ಕೋಣೆಯ ವಿಡಿಯೋ ಮಾಡಿ, ಅಟ್ಟ, ಬಾಲ್ಕನಿ, ಮಂಚದ ಕೆಳಗಿನ ಸ್ಟೋರೇಜ್ ಎಲ್ಲ ಬರಲಿ. ಅದನ್ನು ಕಳಿಸಿ, ನೋಡಿದ ಮೇಲೆ ರೇಟು ಹೇಳಲಿ. ವಿಡಿಯೋ ನೋಡಿಯೇ ರೇಟು ಹೇಳಿದವರು "ಇಷ್ಟಿದೆ ಅಂತ ಗೊತ್ತಿರಲಿಲ್ಲ" ಅನ್ನಲಾರರು. ಎರಡೂ ಮನೆಯ ಮಹಡಿ, ಲಿಫ್ಟ್, ರಸ್ತೆಯ ಅಗಲ, ಗಾಡಿಯ ಅಳತೆ, ಎಷ್ಟು ಜನ, ಬರುವ ಹೊತ್ತು, ಜಿಎಸ್‌ಟಿ ಮತ್ತು ಟೋಲ್ ಸೇರಿದೆಯಾ ಇಲ್ಲವಾ, ಕಾಯಬೇಕಾಗಿ ಬಂದರೆ ಗಂಟೆಗೆ ಎಷ್ಟು: ಇಷ್ಟೂ ಬರಹದಲ್ಲಿ ಬರಲಿ. ಮುಂಗಡ ಸ್ವಲ್ಪವೇ ಕೊಡಿ, ದೊಡ್ಡ ಪಾಲು ಇಳಿಸಿದ ಮೇಲೆ. ಉಳಿದವರೆಲ್ಲರಿಗಿಂತ ತೀರಾ ಕಮ್ಮಿ ಹೇಳುವವರ ಹತ್ತಿರ ಹೋಗಬೇಡಿ. ಆ ಕಮ್ಮಿಯನ್ನು ಎಲ್ಲಿ ತುಂಬಿಕೊಳ್ಳುತ್ತಾರೆ ಅನ್ನುವುದು ಈಗ ನಿಮಗೆ ಗೊತ್ತಾಯಿತಲ್ವಾ? ದೊಡ್ಡ ಕಂಪನಿಯ ಹೆಸರನ್ನೇ ಸ್ವಲ್ಪ ತಿರುಚಿ ಇಟ್ಟುಕೊಂಡವರೂ ಇದ್ದಾರೆ, ಬಿಲ್ಲಿನ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿದರೆ ಅದು ಯಾರ ಹೆಸರಲ್ಲಿದೆ ಅಂತ ಕಾಣುತ್ತದೆ. ತಿಂಗಳ ಕೊನೆಯ ಶನಿವಾರ, ಭಾನುವಾರ ಬಿಟ್ಟು ವಾರದ ಮಧ್ಯೆ ರಜೆ ಹಾಕಲು ಆದರೆ ಗಾಡಿ ಹೊತ್ತಿಗೆ ಸಿಗುವ ಸಾಧ್ಯತೆ ಜಾಸ್ತಿ. ಔಷಧಿ, ಒಡವೆ, ದಾಖಲೆ, ಎರಡು ದಿನದ ಬಟ್ಟೆ ನಿಮ್ಮ ಜೊತೆಯೇ ಇರಲಿ. ಗಾಡಿಯೊಳಗೆ ತುರ್ತಿನದು ಏನೂ ಇಲ್ಲ ಅಂದರೆ, ಬಾಗಿಲ ಮುಂದೆ ನಿಂತು ಬೇಡ ಅನ್ನುವ ಧೈರ್ಯವೂ ಬರುತ್ತದೆ.

ಬಿಲ್ಲಿನಲ್ಲಿ "ಇನ್ಶೂರೆನ್ಸ್" ಅಂತ ಹಣ ಹಾಕಿದ್ದರೆ ವಿಮಾ ಕಂಪನಿಯ ಪಾಲಿಸಿ ಕಾಗದ ಕೇಳಿ. ಎಷ್ಟೋ ಸಲ ಅದು ಸಾಗಣೆಯವರ ಬಾಯಿಮಾತಿನ ಭರವಸೆ ಅಷ್ಟೇ. 2007ರ ರಸ್ತೆ ಸಾಗಣೆ ಕಾಯ್ದೆಯ ನಿಯಮಗಳ ಪ್ರಕಾರ, ಸಾಮಾನಿನ ಬೆಲೆ ಬರೆದು ಹೆಚ್ಚಿನ ದರಕ್ಕೆ ಒಪ್ಪಂದ ಮಾಡಿಕೊಳ್ಳದಿದ್ದರೆ ಒಡೆದ, ಕಳೆದ ಸಾಮಾನಿಗೆ ಸಾಗಣೆದಾರನ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಬಾಡಿಗೆ 4,000 ಅಂತ ಬರೆದಿದ್ದರೆ ಸಿಗುವುದು ಹೆಚ್ಚೆಂದರೆ 40,000. ಪ್ಯಾಕಿಂಗ್‌ಗೆ ಜಾಸ್ತಿ ತೋರಿಸಿ ಬಾಡಿಗೆ ಕಮ್ಮಿ ಬರೆದಿದ್ದರೆ ನಷ್ಟ ನಿಮ್ಮದೇ.

ಶಿಫ್ಟಿಂಗ್ ಮುಗಿದ ಮೇಲೆ ಹಣ ವಾಪಸ್ ಬೇಕು ಅಂದರೆ ಮೊದಲು ಕಂಪನಿಗೆ ಇಮೇಲ್ ಮಾಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಊರಲ್ಲೇ ದೂರು ಹಾಕಬಹುದು, ಕಂಪನಿ ಆಫೀಸ್ ದೆಹಲಿಯಲ್ಲಿದ್ದರೂ ಅಲ್ಲಿಗೆ ಓಡಬೇಕಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಸಾಮಾನು ಒಡೆದಿದ್ದರೆ, ಕಳೆದಿದ್ದರೆ ಅಷ್ಟು ದಿನ ಕಾಯಬೇಡಿ: ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರನಿಗೆ ಲಿಖಿತ ನೋಟಿಸ್ ಹೋಗಿರಬೇಕು. ಇಳಿಸಿದ ದಿನವೇ ಬಾಕ್ಸ್‌ಗಳನ್ನು ಎಣಿಸಿ, ಕೊರತೆ ಇದ್ದರೆ ಅವರ ರಸೀದಿಯ ಮೇಲೇ ಬರೆದು ಸಹಿ ಹಾಕಿ. ಏನೂ ನೋಡದೆ "ಎಲ್ಲ ಸರಿಯಾಗಿ ತಲುಪಿದೆ" ಅನ್ನುವ ಸಾಲಿನ ಕೆಳಗೆ ಸಹಿ ಹಾಕಬೇಡಿ.