ಮೊದಲು ಒಂದು ಚೊಂಬು ನೀರು ಹಾಕಿ

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಶೆಡ್ಡಿಗೆ ಒಂದೇ ಥರದ ಕಾರುಗಳು ಬರತೊಡಗುತ್ತವೆ. ಪೋಲೊ ಜಿಟಿ, ಐ20 ಎನ್ ಲೈನ್, ಈಗೀಗ ಆಲ್ಟ್ರೋಜ್ ರೇಸರ್. ಕಾರು ಚಿಕ್ಕದು, ಎಂಜಿನ್ ಟರ್ಬೊ, ಓಡಿಸುವವರಿಗೆ ಅದರ ಮೇಲೆ ಪ್ರಾಣ. ಎಡಗಡೆ ಬಾಗಿಲಿನ ಉದ್ದಕ್ಕೂ ಗೀರು. ತೋಟದ ರಸ್ತೆಯಲ್ಲಿ ಎದುರಿಗೆ ಪಿಕಪ್ ಬಂದಿರುತ್ತದೆ. ಇವರು ಪಕ್ಕಕ್ಕೆ ಸರಿದಿರುತ್ತಾರೆ. ಬೇಲಿಯ ಲಂಟಾನವೋ ಕಾಫಿ ಕೊಂಬೆಯೋ ಸವರಿಕೊಂಡು ಹೋಗಿರುತ್ತದೆ.

ಕಾರಿನಿಂದ ಇಳಿಯುತ್ತಲೇ ಹೇಳುವ ಮಾತೂ ಒಂದೇ. "ಅಣ್ಣಾ, ಡೋರ್ ಪೂರ್ತಿ ಪೇಂಟ್ ಹೊಡೆದುಬಿಡಿ. ದುಡ್ಡು ಎಷ್ಟಾದ್ರೂ ಆಗ್ಲಿ."

ಚಿಕ್ಕಮಗಳೂರಿನಲ್ಲಿ 22 ವರ್ಷದಿಂದ ಟಿಂಕರಿಂಗ್, ಪೇಂಟಿಂಗ್ ಮಾಡುತ್ತಿದ್ದೇನೆ. ಪೇಂಟ್ ಹೊಡೆದರೆ ನನಗೇ ದುಡ್ಡು. ಆದರೂ ಈ ಮಾತು ಕೇಳಿದಾಗಲೆಲ್ಲ ಸಂಕಟ ಆಗುತ್ತದೆ. ಕಾರ್ಖಾನೆಯಲ್ಲಿ ಬಿದ್ದ ಪೇಂಟನ್ನು ಒಂದು ಸಲ ಕಳೆದುಕೊಂಡರೆ ಮತ್ತೆ ಅದನ್ನು ಕೊಡಲು ನನ್ನಿಂದಲೂ ಆಗುವುದಿಲ್ಲ, ಬೇರೆ ಯಾರಿಂದಲೂ ಆಗುವುದಿಲ್ಲ. ಇದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಕಾರಿನ ತಗಡಿನ ಮೇಲೆ ನಾಲ್ಕು ಪದರ ಇರುತ್ತವೆ. ತುಕ್ಕು ತಡೆಯಲು ಬಾಡಿಯನ್ನೇ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ ಹಿಡಿಸಿದ ಕೋಟ್ ಮೊದಲನೆಯದು. ಅದರ ಮೇಲೆ ಪ್ರೈಮರ್. ಅದರ ಮೇಲೆ ಬಣ್ಣ. ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ, ಹೊಳಪು ಕೊಡುವ ಕ್ಲಿಯರ್ ಕೋಟ್. ಇಷ್ಟೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅಂದರೆ ಎರಡು ತಲೆಕೂದಲಿನಷ್ಟು ದಪ್ಪ, ಅಷ್ಟೇ. ಕಾರ್ಖಾನೆಯಲ್ಲಿ ಇದನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಆಗ ಬಾಡಿಯೊಳಗೆ ವೈರಿಂಗ್ ಇರುವುದಿಲ್ಲ, ಸೀಟು, ಗ್ಲಾಸು, ಬೀಡಿಂಗ್ ಯಾವುದೂ ಇರುವುದಿಲ್ಲ. ನನ್ನ ಕೈಗೆ ಬರುವಾಗ ಎಲ್ಲವೂ ಇರುತ್ತದೆ. ಹಾಗಾಗಿ ಪೇಂಟ್ ಹೊಡೆದು ಒಣಗಿಸುವ ಬೂತ್ ಎಷ್ಟೇ ಒಳ್ಳೆಯದಿದ್ದರೂ 60 ಡಿಗ್ರಿ ಆಸುಪಾಸಿನಲ್ಲೇ ಒಣಗಿಸಬೇಕು. ಒಳ್ಳೆಯ ಪೇಂಟರ್ ಕೈಯಲ್ಲಿ ಅದೂ ಚೆನ್ನಾಗೇ ಬಾಳುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎರಡೂ ಒಂದೇ ಅಲ್ಲ.

ಬಣ್ಣ ಕೂಡಿಸುವುದು ಇನ್ನೊಂದು ತಲೆನೋವು. ಪೇಂಟ್ ಕೋಡ್ ಹಾಕಿ ಬಣ್ಣ ಕಲಸಿದರೂ ಐದು ವರ್ಷ ಬಿಸಿಲು ಕಂಡ ಕಾರಿನ ಬಣ್ಣಕ್ಕೆ ಅದು ಸರಿಯಾಗಿ ಕೂಡುತ್ತದೆ ಅಂತ ಹೇಳಲಾಗದು. ಮೆಟಾಲಿಕ್ ಆದರೆ ಇನ್ನೂ ಕಷ್ಟ. ಡೋರ್ ಒಂದಕ್ಕೇ ಹೊಡೆದರೆ ಶೆಡ್ಡಿನ ನೆರಳಲ್ಲಿ ಸರಿಯಾಗೇ ಕಾಣುತ್ತದೆ. ನಮ್ಮೂರಿನ ಐಜಿ ರೋಡಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿದಾಗ ಬೇರೆಯಾಗಿ ಕಾಣುತ್ತದೆ. ಅದು ಕಾಣಬಾರದು ಅಂದರೆ ಮುಂದಿನ ಚಕ್ರದ ಮೇಲಿರುವ ಫೆಂಡರಿಗೂ ಹಿಂದಿನ ಡೋರಿಗೂ ಬಣ್ಣವನ್ನು ತೆಳುವಾಗಿ ಎಳೆದು, ಅವೆರಡಕ್ಕೂ ಪೂರ್ತಿ ಕ್ಲಿಯರ್ ಹೊಡೆಯಬೇಕು. ಒಂದು ಗೀರಿಗೆ ಮೂರು ಪ್ಯಾನಲ್ ಹೋಯಿತು, ಅಲ್ವಾ? ನಾಳೆ ಮಾರಲು ಹೋದಾಗ ಕೊಳ್ಳುವವನು ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟು ನೋಡುತ್ತಾನೆ. ಮೂರು ಪ್ಯಾನಲ್‌ನಲ್ಲೂ ಅಳತೆ ಜಾಸ್ತಿ ಬಂದರೆ ಗಾಡಿ ಗುದ್ದಿಸಿದ್ದಾರೆ ಅಂತಲೇ ಲೆಕ್ಕ. ಪೋಲೊ ತಯಾರಿಕೆ ನಮ್ಮ ದೇಶದಲ್ಲಿ 2022ರಲ್ಲೇ ನಿಂತುಹೋಯಿತು. ಒರಿಜಿನಲ್ ಪೇಂಟ್ ಇರುವ ಜಿಟಿಯನ್ನು ಹುಡುಕಿಕೊಂಡು ಬರುವವರಿದ್ದಾರೆ.

ಹಾಗಾದರೆ ಏನು ಮಾಡಬೇಕು? ಕಾರು ತೊಳೆದು, ಗೀರಿನ ಮೇಲೆ ಒಂದು ಚೊಂಬು ನೀರು ಹಾಕಿ. ಒದ್ದೆ ಇರುವಾಗ ಗೀರು ಮಾಯವಾದರೆ ಅದು ಕ್ಲಿಯರ್ ಕೋಟಿನಲ್ಲೇ ಇದೆ. ಆಮೇಲೆ ಒಣಗಿಸಿ ಉಗುರನ್ನು ಅಡ್ಡಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಹೆಚ್ಚಿನ ಸಲ ಪಾಲಿಶ್‌ನಲ್ಲೇ ಹೋಗುತ್ತದೆ. ಒದ್ದೆ ಇರುವಾಗಲೂ ಬಿಳಿಯೋ ಬೂದಿಯೋ ಕಂಡರೆ ಪ್ರೈಮರ್ ಬಂದಿದೆ, ಟಚ್‌ಅಪ್ ಬೇಕು, ಅಂದರೆ ಗೀರಿಗಷ್ಟೇ ಬ್ರಶ್ಶಿನಲ್ಲಿ ಬಣ್ಣ ಹಚ್ಚಬೇಕು. ತಗಡೇ ಹೊಳೆಯುತ್ತಿದ್ದರೆ ಆಗ ಮಾತ್ರ ತಡ ಮಾಡಬೇಡಿ. ನಮ್ಮ ಮಲೆನಾಡಿನ ಮಳೆಗೆ ತುಕ್ಕು ಪೇಂಟಿನ ಅಡಿಯಲ್ಲೇ ಹರಡುತ್ತದೆ. ಮೇಲೆ ಗುಳ್ಳೆ ಕಾಣುವಾಗ ಒಳಗೆ ಎಷ್ಟು ತಿಂದಿದೆಯೋ ಹೇಳಲಾಗದು. ಇದೆಲ್ಲ ತಗಡಿನ ಮಾತು. ಬಂಪರ್ ಪ್ಲಾಸ್ಟಿಕ್, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಎರಡು ವರ್ಷ ಹಾಗೇ ಓಡಿಸಿ, ಏನೂ ಆಗುವುದಿಲ್ಲ.

ಫೋಟೊ ಕಳಿಸಿ ರೇಟ್ ಕೇಳಬೇಡಿ. ಫೋಟೊದಲ್ಲಿ ಆಳ ಗೊತ್ತಾಗುವುದಿಲ್ಲ. ಬಂಪರ್ ಒಡೆದಿದ್ದರಂತೂ ಬಿಚ್ಚಿ ನೋಡದೆ ನಾನು ಏನೂ ಹೇಳುವುದಿಲ್ಲ. ಕೆಲವು ಟರ್ಬೊ ಕಾರುಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಬಂಪರಿನ ಹಿಂದೆಯೇ ಇರುತ್ತದೆ, ಅದಕ್ಕೂ ಪೆಟ್ಟು ಬಿದ್ದಿರಬಹುದು.

ಪ್ರತಿ ತಿಂಗಳು ರಬ್ಬಿಂಗ್ ಮಾಡಿಸುವವರಿಗೂ ಒಂದು ಮಾತು. ರಬ್ಬಿಂಗ್ ಗೀರನ್ನು ತುಂಬುವುದಿಲ್ಲ. ಸುತ್ತಲಿನ ಕ್ಲಿಯರನ್ನು ಗೀರಿನ ಮಟ್ಟಕ್ಕೆ ಸವೆಸುತ್ತದೆ. ಆ ಕ್ಲಿಯರ್ ಇರುವುದೇ ಅರ್ಧ ಕೂದಲಿನಷ್ಟು. ಸುಮ್ನೆ ಹೊಳಪಿಗೆ ಅಂತ ಸವೆಸಿಕೊಂಡರೆ ನಿಜವಾಗಿ ಬೇಕಾದ ದಿನ ಏನೂ ಉಳಿದಿರುವುದಿಲ್ಲ.

ಸಣ್ಣ ಗೀರಿಗೆ ಇನ್ಶೂರೆನ್ಸ್ ಕ್ಲೇಮ್ ಮಾಡುವ ಮೊದಲು ನಿಮ್ಮ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಅದು, ಮೊದಲ ವರ್ಷಕ್ಕೆ 20 ಪರ್ಸೆಂಟ್, ಏರುತ್ತಾ 50ರವರೆಗೆ ಹೋಗುತ್ತದೆ. ಅದನ್ನು ಉಳಿಸುವ ಆಡ್-ಆನ್ ಇಲ್ಲದಿದ್ದರೆ ಒಂದೇ ಕ್ಲೇಮಿಗೆ ಸೊನ್ನೆ. ಪಾಲಿಸಿಯಿಂದ ಪಾಲಿಸಿಗೆ ವ್ಯತ್ಯಾಸ ಇರುತ್ತದೆ, ಏಜೆಂಟರನ್ನು ಕೇಳಿಯೇ ಮುಂದುವರಿಯಿರಿ.

ಗೀರಿಗೆ ಇಷ್ಟು ಒದ್ದಾಡುವ ಹುಡುಗರು ಟೈರ್ ಮಾತ್ರ ನೋಡುವುದಿಲ್ಲ. 195/55 ಅಂದರೆ ಟೈರಿನ ಅಗಲ 195 ಮಿಲಿಮೀಟರ್, ಪಕ್ಕದ ಗೋಡೆ ಅದರ 55 ಪರ್ಸೆಂಟ್, ಬರೀ 107 ಮಿಲಿಮೀಟರ್. ಗುಂಡಿಗೆ ಬಿದ್ದು ಅಲಾಯ್ ತರಚಿದ್ದರೆ ಚಿಂತೆಯಿಲ್ಲ. ಆದರೆ ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ ಒಳಗಿನ ದಾರ ಹರಿದಿದೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ. ಆ ಟೈರಿನಲ್ಲಿ ಚಾರ್ಮಾಡಿ ಇಳಿಯಬೇಡಿ ಮಾರಾಯ್ರೆ, ಬದಲಾಯಿಸಿ.

ಹೋದ ಮೇ ತಿಂಗಳಲ್ಲಿ ಒಬ್ಬ ಹುಡುಗಿ ಬಂದಿದ್ದಳು. ಹಾಸನದಲ್ಲಿ ಬ್ಯಾಂಕ್ ಕೆಲಸ, ಶನಿವಾರ ಬೇಲೂರು ದಾರಿಯಲ್ಲಿ ಮನೆಗೆ ಬರುತ್ತಾಳೆ. ದುಡ್ಡು ಕೂಡಿಟ್ಟು ಕೊಂಡ ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ, ಕೆಂಪು. ಪಾರ್ಕಿಂಗಿನಲ್ಲಿ ಯಾರೋ ಸ್ಕೂಟರ್ ತಾಗಿಸಿ ಹೋಗಿದ್ದರು. ಕಣ್ಣಲ್ಲಿ ನೀರು ತುಂಬಿಕೊಂಡೇ "ಅಣ್ಣಾ, ಡೋರ್ ಬದಲಾಯಿಸಬೇಕಾ?" ಅಂತ ಕೇಳಿದಳು. ನಾನು ಚೊಂಬು ಅವಳ ಕೈಗೇ ಕೊಟ್ಟೆ.

ನೀರು ಹಾಕಿದಳು. ಒಂದೂವರೆ ಅಡಿ ಗೀರಿನಲ್ಲಿ ಮುಕ್ಕಾಲು ಪಾಲು ಕಾಣದಾಯಿತು. ನಂಬಲಿಲ್ಲ, ಇನ್ನೊಮ್ಮೆ ಹಾಕಿದಳು. ಹ್ಯಾಂಡಲ್ ಹತ್ತಿರ ಎರಡು ಇಂಚು ಮಾತ್ರ ಬೂದಿ ಬಣ್ಣ ಉಳಿಯಿತು. ಅಷ್ಟಕ್ಕೆ ಟಚ್‌ಅಪ್ ಸಾಕು ಅಂದೆ. ಹತ್ತಿರ ನಿಂತು ನೋಡಿದರೆ ಗೆರೆ ಕಾಣುತ್ತದೆ ಅಂತಲೂ ಹೇಳಿದೆ. ಸ್ವಲ್ಪ ಯೋಚಿಸಿ, "ನಾನೇ ಹಚ್ಚಬಹುದಾ?" ಅಂದಳು. ಸ್ಟೂಲ್ ಹಾಕಿಕೊಟ್ಟು, ಬ್ರಶ್ಶಿನ ತುದಿಯಿಂದ ಗೀರಿನ ಒಳಗೆ ಮಾತ್ರ ಬಣ್ಣ ಇಳಿಸುವುದನ್ನು ತೋರಿಸಿದೆ. ಒಂದು ಪದರ ಒಣಗುವವರೆಗೂ ಕಾದು, ಇನ್ನೊಂದು ಹಚ್ಚಿದಳು. ಮುಗಿಯುವಾಗ ಕತ್ತಲಾಗಿತ್ತು. ಈ ಸಲ ಮಳೆಗಾಲಕ್ಕೆ ಮುಂಚೆ ಮತ್ತೆ ಬಂದಿದ್ದಳು, ಬಾನೆಟ್ಟಿನ ಅಂಚಿನಲ್ಲಿ ಕಲ್ಲು ಸಿಡಿದ ಮೂರು ಚುಕ್ಕೆ ತೋರಿಸಲು. ನೀರಿನ ಬಾಟಲಿ ಅವಳ ಕೈಯಲ್ಲೇ ಇತ್ತು.