ಜಾತ್ರೆಯ ತ್ರೀಡಿ ಕನ್ನಡಕ ಹಾಕಿಕೊಂಡರೆ ಕಣ್ಣು ಬರುತ್ತವಾ?

"ಸರ, ಶರಣಬಸಪ್ಪನ ಜಾತ್ರ್ಯಾಗ ನಮ್ಮ ಮಗ ತ್ರೀಡಿ ಶೋ ನೋಡಿ ಬಂದ. ಎಲ್ಲಾರಿಗೂ ಕೊಟ್ಟಿದ್ದ ಕನ್ನಡಕನೇ ಇವನಿಗೂ ಕೊಟ್ಟಿದ್ರು. ಮೂರ್ ದಿನಕ್ಕ ಕಣ್ಣು ಬಂದಾವ. ಅದರಿಂದಾನೇ ಬಂದಿರಬೇಕೇನ್ರಿ?"

ಕಲಬುರಗಿಯ ತಾಯಿಯೊಬ್ಬರ ಪ್ರಶ್ನೆ ಇದು. ಸೂಪರ್ ಮಾರ್ಕೆಟ್ ಕಡೆ ನನ್ನದೊಂದು ಸಣ್ಣ ಕನ್ನಡಕದ ಅಂಗಡಿ. ಹೋಳಿ ಮುಗಿದು ಜಾತ್ರೆ ಶುರುವಾಯಿತೆಂದರೆ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ.

ಅಕ್ಕಾ, ಬರಬಹುದು. ಆದರೆ ನಿಮ್ಮ ಮಗನಿಗೆ ಅಲ್ಲಿಂದಲೇ ಬಂತು ಅನ್ನಲು ಆಗುವುದಿಲ್ಲ. ಕಣ್ಣು ಬರುವುದಕ್ಕೆ ಜಾಸ್ತಿ ಕಾರಣವಾಗುವುದು ಅಡಿನೋವೈರಸ್. ಅದು ಮೈಗೆ ಹತ್ತಿದ ಮೇಲೆ ಕಣ್ಣು ಕೆಂಪಾಗಲು ಸಾಮಾನ್ಯವಾಗಿ 5ರಿಂದ 12 ದಿನ ಬೇಕು. ಒಂದೆರಡು ದಿನದಲ್ಲೇ ಕಣ್ಣು ರಕ್ತದ ಹಾಗೆ ಮಾಡುವ ಬೇರೆ ವೈರಸ್‌ಗಳೂ ಇವೆ. ಹಾಗಾಗಿ ಮೂರು ದಿನದ ಲೆಕ್ಕ ಯಾವ ಕಡೆಗೂ ಸರಿಯಾಗಿ ಕೂರುವುದಿಲ್ಲ. ಹುಡುಗ ಜಾತ್ರೆಗೆ ಹೋಗುವ ಮೊದಲೇ ಶಾಲೆಯಲ್ಲಿ ಹತ್ತಿಸಿಕೊಂಡಿರಬಹುದು. ಮನೆಯಲ್ಲಿ ಎಲ್ಲರೂ ಒಂದೇ ಟವೆಲ್‌ನಲ್ಲಿ ಮುಖ ಒರೆಸಿಕೊಳ್ಳುತ್ತೀರಾ, ಅದನ್ನೂ ನೋಡಿ.

ಇನ್ನೊಂದು ಮಾತು. ಕಣ್ಣು ಬಂದವರನ್ನು ನೋಡಿದರೆ ನಮಗೂ ಬರುತ್ತದೆ ಅನ್ನುವುದು ಸುಳ್ಳು. ಅವರ ಕಣ್ಣೀರು, ಪಿಸುರು ಕೈಗೆ ಅಂಟಿ, ಆ ಕೈ ಇನ್ನೊಬ್ಬರ ಕಣ್ಣಿಗೆ ಹೋಗಬೇಕು. ನಡುವೆ ಒಂದು ಕನ್ನಡಕ ಬಂದರೆ ಅದು ಸೇತುವೆ ಆಗುತ್ತದೆ, ಅಷ್ಟೇ. ತೊಂದರೆ ಏನೆಂದರೆ ಅಡಿನೋವೈರಸ್ ಗಟ್ಟಿ ಜೀವ. ಒಣಗಿದ ಪ್ಲಾಸ್ಟಿಕ್ ಮೇಲೂ ವಾರಗಟ್ಟಲೆ ಉಳಿಯಬಲ್ಲದು.

ಈ ಭಯವೂ ಹೊಸದಲ್ಲ. 1984ರಲ್ಲಿ ನಮ್ಮ ದೇಶದ ಮೊದಲ ತ್ರೀಡಿ ಸಿನಿಮಾ ಬಂತು, ಮಲಯಾಳದ 'ಮೈ ಡಿಯರ್ ಕುಟ್ಟಿಚಾತನ್'. ಆ ಕನ್ನಡಕದಿಂದ ಮದ್ರಾಸ್ ಐ, ಅಂದರೆ ಇದೇ ಕಣ್ಣು ಬರುವ ರೋಗ, ಹರಡುತ್ತಿದೆ ಅಂತ ಪುಕಾರು ಎದ್ದಿತು. ಕೊನೆಗೆ ಪ್ರೇಮ್ ನಜೀರ್ ಅಂಥ ದೊಡ್ಡ ನಟರೇ ಪರದೆ ಮೇಲೆ ಬಂದು, ಕನ್ನಡಕ ಶುದ್ಧ ಮಾಡಿಯೇ ಕೊಡುತ್ತೇವೆ ಅಂತ ಹೇಳಬೇಕಾಯಿತು.

ನಮ್ಮಲ್ಲಿ ಹೇಗೆ ಶುದ್ಧ ಮಾಡುತ್ತಾರೆ? ಒಂದು ಸಂಜೆ ಸುಮ್ನೆ ಒಂದು ಟೆಂಟ್ ಮುಂದೆ ನಿಂತು ನೋಡಿದೆ. ಶೋ ಮುಗಿಯಿತು. ಹುಡುಗ ಕನ್ನಡಕಗಳನ್ನೆಲ್ಲಾ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿಕೊಂಡ. ಹೆಗಲ ಮೇಲಿನ ಟವೆಲ್ ತೆಗೆದು ಒಂದೊಂದನ್ನೇ ಒರೆಸಿ ಅದೇ ಬುಟ್ಟಿಗೆ ಹಾಕಿದ. ಮೊದಲನೇ ಕನ್ನಡಕದ ಕಾಡಿಗೆ ಟವೆಲ್‌ಗೆ ಬಂತು, ಟವೆಲ್‌ನಿಂದ ಐದನೆಯದಕ್ಕೆ ಹೋಯಿತು. ಒಬ್ಬರ ಕೊಳೆ ಎಲ್ಲರಿಗೂ ಹಂಚಿಕೆ ಆಯಿತು. ಒರೆಸದೇ ಬಿಟ್ಟಿದ್ದರೇ ಮೇಲಿತ್ತು ಅನ್ನಿಸಿತು. "ಯಾಕ್ ಅಣ್ಣಾ, ನೀರಾಗ ತೊಳಿಯಂಗಿಲ್ಲೇನು?" ಅಂದೆ. "ಪಬ್ಲಿಕ್ ನಿಂತದರಿ ಸರ, ಟೈಮೆಲ್ಲದ?" ಅಂದ. ಅವನ ಮಾತೂ ನಿಜ. ಎರಡು ಶೋ ನಡುವೆ ಅವನಿಗೆ ಸಿಗುವುದು ನಾಲ್ಕೇ ನಿಮಿಷ.

ಅದಕ್ಕೆ ಪರಿಹಾರ ಇನ್ನೊಂದು ಸೆಟ್ ಕನ್ನಡಕ. ಒಂದು ಸೆಟ್ ಮುಖದ ಮೇಲಿರುವಾಗ ಇನ್ನೊಂದು ತೊಳೆಯುವ ಟಬ್‌ನಲ್ಲಿ ಇರಬೇಕು. ಬುಟ್ಟಿಯೂ ಎರಡು, ತೊಳೆದದ್ದಕ್ಕೆ ಒಂದು, ತೊಳೆಯಬೇಕಾದದ್ದಕ್ಕೆ ಒಂದು. ಸೋಪಿನ ನೀರಲ್ಲಿ ಉಜ್ಜಿ, ಒಳ್ಳೆ ನೀರಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿದರೆ ಆಯಿತು. ಮೂಗಿನ ಮೇಲೆ ಕೂರುವ ಜಾಗ ಮತ್ತು ಕಡ್ಡಿ ಮಡಚುವ ಸಂದಿ, ಎಣ್ಣೆ, ಬೆವರು, ಪೌಡರ್ ಎಲ್ಲಾ ಕೂರುವುದು ಅಲ್ಲೇ. ಒಣ ಬಟ್ಟೆಯಿಂದ ಮಾತ್ರ ತಿಕ್ಕಬಾರದು. ನಮ್ಮೂರ ದೂಳು ಗೊತ್ತಲ್ವಾ, ಗಾಜುಕಾಗದ ಇದ್ದ ಹಾಗೆ. ಗೀರು ಬಿದ್ದರೆ ಮುಂದೆ ಕೊಳೆ ಕೂರಲು ಅದೇ ಜಾಗ.

"ಸ್ಪಿರಿಟ್ ಹಾಕಿ ಒರೆಸ್ತೀವಿ" ಅನ್ನುವವರೂ ಇದ್ದಾರೆ. ಸ್ಪಿರಿಟ್‌ಗೆ ಬ್ಯಾಕ್ಟೀರಿಯಾ, ಕೊರೋನಾ ತರದ ವೈರಸ್ ಸಾಯುತ್ತವೆ. ಕೊರೋನಾ ಮೇಲೆ ಕೊಬ್ಬಿನ ಪದರ ಇದೆ, ಸ್ಪಿರಿಟ್ ಅದನ್ನು ಒಡೆಯುತ್ತದೆ. ಅಡಿನೋವೈರಸ್‌ಗೆ ಆ ಪದರವೇ ಇಲ್ಲ, ಅದಕ್ಕೇ ಸ್ಪಿರಿಟ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ. ಕಣ್ಣಿನ ಒತ್ತಡ ಅಳೆಯಲು ಡಾಕ್ಟರು ಕಣ್ಣಿಗೆ ತಾಗಿಸುವ ಒಂದು ಸಣ್ಣ ತುದಿ ಇರುತ್ತದೆ. ಅದನ್ನು ಬರೀ ಸ್ಪಿರಿಟ್‌ನಿಂದ ಒರೆಸಿದರೆ ಸಾಲದು, ತೆಳು ಬ್ಲೀಚ್ ನೀರಲ್ಲಿ ಐದು–ಹತ್ತು ನಿಮಿಷ ಮುಳುಗಿಸಿಡಿ ಅಂತ ಹೇಳುವುದು ಇದೇ ಕಾರಣಕ್ಕೆ. ಸೋಪಿನ ನೀರಿನ ದಾರಿ ಬೇರೆ. ಅದು ಎಣ್ಣೆ, ಪಿಸುರಿನ ಜೊತೆ ವೈರಸ್ಸನ್ನೂ ಎಬ್ಬಿಸಿ ಹೊರಗೆ ಹರಿಸುತ್ತದೆ. ಆದರೆ ನೀರು ಬದಲಾಯಿಸುತ್ತಾ ಇರಬೇಕು. ಬೆಳಿಗ್ಗೆ ತುಂಬಿದ ಬಕೆಟ್‌ನಲ್ಲೇ ರಾತ್ರಿವರೆಗೂ ಅದ್ದಿದರೆ ಅದು ಸಾರು.

ನನಗೆ ಜಾಸ್ತಿ ಚಿಂತೆ ವಿಆರ್ ಡಬ್ಬಿಯದು, ಕಣ್ಣಿಗೆ ಕಟ್ಟಿಕೊಂಡು ಒಳಗಿನ ಪರದೆಯಲ್ಲಿ ಶೋ ನೋಡುವುದು. ತ್ರೀಡಿ ಕನ್ನಡಕ ಕಣ್ಣಿನಿಂದ ಸ್ವಲ್ಪ ದೂರ ಕೂರುತ್ತದೆ. ಇದು ಹುಬ್ಬಿನಿಂದ ಕೆನ್ನೆವರೆಗೂ ಸ್ಪಂಜಿನಿಂದ ಒತ್ತಿಕೊಂಡು ಕೂರುತ್ತದೆ. ಐದು ನಿಮಿಷಕ್ಕೊಬ್ಬರು ಅಂದರೂ ಸಂಜೆ 6ರಿಂದ ರಾತ್ರಿ 10ರೊಳಗೆ ನಲವತ್ತು ಮುಖ ದಾಟುತ್ತದೆ. ಒಮ್ಮೆ ನನ್ನ ಸರದಿ ಬಂದಾಗ ಹಾಕಿಕೊಳ್ಳುವ ಮೊದಲು ಸ್ಪಂಜನ್ನು ಬೆರಳಲ್ಲಿ ಒತ್ತಿ ನೋಡಿದೆ. ಹಸಿ ಇತ್ತು. ಹೊಲಿಗೆಯ ಸಂದಿಯಲ್ಲಿ ಹೋಳಿಯ ಗುಲಾಬಿ ಬಣ್ಣ. ವಾಪಸ್ ಕೊಟ್ಟು ಮಿರ್ಚಿ ಭಜಿ ಕಡೆ ನಡೆದೆ. ಸ್ಪಂಜು ಕುಡಿದ ಬೆವರನ್ನು ಮೇಲಿಂದ ಒರೆಸಿ ತೆಗೆಯಲು ಆಗುವುದಿಲ್ಲ. ಸ್ಪಂಜಿನ ಮೇಲೆ ಸಿಲಿಕೋನ್ ಕವರ್ ಹಾಕಿದರೆ ಪ್ರತಿಯೊಬ್ಬರಾದ ಮೇಲೂ ಒರೆಸಬಹುದು. ಒಮ್ಮೆ ಬಳಸಿ ಎಸೆಯುವ ಬಟ್ಟೆ ಮಾಸ್ಕ್ ಕೊಟ್ಟರೆ ಇನ್ನೂ ಒಳ್ಳೆಯದು.

ಒಳಗಿನ ಲೆನ್ಸ್‌ಗೆ ಸ್ಪಿರಿಟ್ ತಾಗಿಸಬಾರದು, ಮೇಲಿನ ಲೇಪ ಹಾಳಾಗುತ್ತದೆ. ಮೆತ್ತಗಿನ ಮೈಕ್ರೋಫೈಬರ್ ಬಟ್ಟೆ ಸಾಕು. ನಮ್ಮ ಬಿಸಿಲೇ ಎಲ್ಲಾ ಕೊಲ್ಲುತ್ತೆ ಅಂತ ಅದನ್ನು ಬಿಸಿಲಿಗಂತೂ ಇಡಲೇಬೇಡಿ. ಆ ಲೆನ್ಸ್ ಭೂತಗನ್ನಡಿಯ ಹಾಗೆ ಬಿಸಿಲನ್ನು ಒಟ್ಟುಮಾಡಿ ಒಳಗಿನ ಪರದೆಯನ್ನೇ ಸುಡುತ್ತದೆ. ಇನ್ನು ಕ್ರಿಮಿ ಸಾಯಲಿ ಅಂತ ಡಬ್ಬಿಯನ್ನು ಒಳಗಿಡುವ ನೀಲಿ ಬೆಳಕಿನ ಯುವಿ ಪೆಟ್ಟಿಗೆ. ಬೆಳಕು ಬಿದ್ದ ಕಡೆ ಕೆಲಸ ಮಾಡುತ್ತದೆ, ನೆರಳಿದ್ದ ಸಂದಿಯಲ್ಲಿ ಇಲ್ಲ, ಸ್ಪಂಜಿನ ಒಳಗೂ ಇಲ್ಲ.

ಜಾತ್ರೆಗೆ ಹೋಗುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಮಕ್ಕಳು ಕೇಳುತ್ತಾರಾ? ಕನ್ನಡಕ ಕೈಗೆ ಬಂದಾಗ ಮೂಗಿನ ಜಾಗ ಒಮ್ಮೆ ನೋಡಿ, ಅಂಟು ಅನ್ನಿಸಿದರೆ ಬೇರೆ ಕೇಳಿ. ನಿಮ್ಮದೇ ಒದ್ದೆ ಟಿಶ್ಯೂ ಇದ್ದರೆ ಮೂಗು ತಾಗುವ ಜಾಗ ಮತ್ತು ಕಡ್ಡಿಯನ್ನು ಒರೆಸಿಕೊಳ್ಳಿ. ತೆಗೆದ ಮೇಲೆ ಕಣ್ಣು ಉಜ್ಜುವ ಚಾಳಿ ಎಲ್ಲರಿಗೂ ಇದೆ, ಸೋಪಿನಲ್ಲಿ ಕೈ ತೊಳೆಯುವವರೆಗೆ ಅದನ್ನು ತಡೆಯಿರಿ.

ಅಕ್ಕಾ, ನಿಮ್ಮ ಮಗನಿಗೆ ಈಗ ಬೇರೆ ಟವೆಲ್, ಬೇರೆ ದಿಂಬು ಕೊಡಿ. ಕಣ್ಣಿಂದ ನೀರು ಸುರಿಯುವುದು ನಿಲ್ಲುವವರೆಗೆ ಶಾಲೆ ಬೇಡ. ಕಪ್ಪು ಕನ್ನಡಕ ಹಾಕಿದರೆ ಬೆಳಕು ಚುಚ್ಚುವುದಿಲ್ಲ, ಹರಡುವುದೇನೂ ನಿಲ್ಲುವುದಿಲ್ಲ. ಮೆಡಿಕಲ್‌ನವರು ಸುಮ್ನೆ ಕೊಡುವ ಡ್ರಾಪ್ಸ್ ಹಾಕಬೇಡಿ, ಕೆಲವದರಲ್ಲಿ ಸ್ಟಿರಾಯ್ಡ್ ಇರುತ್ತದೆ. ನೋಟ ಮಂಜಾದರೆ, ನೋವು ಜಾಸ್ತಿ ಆದರೆ, ಬೆಳಕಿಗೆ ಕಣ್ಣು ತೆರೆಯಲಾಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.